ಮೂರನೆಯ ನರ

ಕಸ್ತೂರಿಯ ಎರಡೂ ಕಣ್ಣುಗಳು ಚೆನ್ನಾಗಿದ್ದವು. ಪೊರೆ ಬಂದಿರಲಿಲ್ಲ, ಒಳಗಿನ ಒತ್ತಡ ಏರಿರಲಿಲ್ಲ, ಕಣ್ಣಿನ ನರಕ್ಕೆ ಪೆಟ್ಟಾಗಿರಲಿಲ್ಲ. ತಪಾಸಣೆ ಮಾಡಿದ ಕಣ್ಣಿನ ಡಾಕ್ಟರರೆಲ್ಲ ಇದನ್ನೇ ಹೇಳಿದರು. ಆದರೂ ಅವಳಿಗೆ ಏನೂ ಕಾಣುತ್ತಿರಲಿಲ್ಲ.

ಹರೆಯದಿಂದಲೂ ನಾಟಕ ಕಂಪನಿಗಳಲ್ಲಿ ಪಾರ್ಟು ಮಾಡಿಕೊಂಡು ಬಂದ ಹೆಂಗಸು. ಮೊದಲು ನಾಯಕಿ, ಆಮೇಲೆ ಗಟವಾಣಿ ಅತ್ತೆ. ಗಂಗಾವತಿಯ ಕ್ಯಾಂಪಿನಲ್ಲಿ ಒಂದು ಸಂಜೆ ಬಣ್ಣ ಹಚ್ಚಿಕೊಳ್ಳುತ್ತ ಕೂತಿದ್ದಾಗ ಕನ್ನಡಿ ಕಪ್ಪಾಯಿತು. ಬಲ್ಬು ಹೋಯಿತೆಂದು ಕೂಗಿದಳು. ಬಲ್ಬು ಉರಿಯುತ್ತಲೇ ಇತ್ತು. ಅವಳ ತಲೆಯ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಕಟ್ಟಿಕೊಂಡಿದ್ದವು. ಕಣ್ಣು ಬರೀ ಬೆಳಕನ್ನು ಹಿಡಿದು ಕಳಿಸುತ್ತದೆ. ಕಾಣುವ ಕೆಲಸ ನಡೆಯುವುದು ಹಿಂದಲೆಯ ಮಿದುಳಿನಲ್ಲಿ. ಕಳಿಸುವವರು ಉಳಿದಿದ್ದರು, ತೆಗೆದುಕೊಳ್ಳುವವರು ಇರಲಿಲ್ಲ.

ಹುಬ್ಬಳ್ಳಿಯಲ್ಲಿ ಮಗಳು ನೀಲಾಂಬಿಕಾಳ ಮನೆಯಲ್ಲಿ ಎರಡು ವರ್ಷ ಗೋಡೆ ಹಿಡಿದು ಓಡಾಡಿದ ಮೇಲೆ ಧಾರವಾಡದ ನರವಿಜ್ಞಾನ ಸಂಶೋಧನಾ ಕೇಂದ್ರವೊಂದರಿಂದ ಕರೆ ಬಂತು. ನೀಲಾ ಸಿಟಿ ಬಸ್ಸಿನ ಕಂಡಕ್ಟರು. ರಜೆ ಹಾಕಿ ತಾಯಿಯನ್ನು ಕರೆದುಕೊಂಡು ಹೋದಳು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಸುಧೀಂದ್ರ ಇನಾಮದಾರ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಗಲ್ಲವನ್ನು ಒಂದು ಆಸರೆಯ ಮೇಲೆ ಇರಿಸಿ, ಎದುರಿಗೆ ಸಣ್ಣ ದೀಪವೊಂದನ್ನು ಹಚ್ಚಿದರು.

"ದೀಪ ಯಾವ ಕಡೆ ಅದ, ಹೇಳ್ರಿ."

"ಸಾಹೇಬ್ರ, ಕುರುಡಿಗೆ ದೀಪಾ ಎಲ್ಲೈತಿ ಅಂತ ಕೇಳ್ತೀರಲ್ಲ!"

"ಕಾಣೂದಿಲ್ಲ ಅಂತ ನಂಗೂ ಗೊತ್ತದರಿ. ಸುಮ್ನ ಊಹಾ ಮಾಡ್ರಿ."

ಕಸ್ತೂರಿ ಸಿಟ್ಟಿನಿಂದಲೇ ಎಡಕ್ಕೆ ಕೈ ತೋರಿಸಿದಳು. ಆಮೇಲೆ ಬಲಕ್ಕೆ. ಮತ್ತೆ ಬಲಕ್ಕೆ. ಮೇಲಕ್ಕೆ. ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಪಕ್ಕದಲ್ಲಿ ನಿಂತಿದ್ದ ನೀಲಾ ಬಾಯಿ ಮೇಲೆ ಕೈ ಇಟ್ಟುಕೊಂಡಳು. ತಾಯಿ ಹೆಚ್ಚುಕಡಿಮೆ ಒಂದೂ ತಪ್ಪು ಹೇಳಿರಲಿಲ್ಲ.

"ಕಣ್ಣಿನಿಂದ ಹಿಂದಲಿಗೆ ಹೋಗೋದು ದೊಡ್ಡ ರಸ್ತಾ," ಇನಾಮದಾರರು ನೀಲಾಳಿಗೆ ವಿವರಿಸಿದರು. "ನಿಮ್ಮ ತಾಯಿಯವರದು ಆ ರಸ್ತಾದ ಕಡೀ ಊರು ಹಾಳಾಗಿ ಹೋಗೇದ. ಆದರ ನಡುವ ಒಂದು ಕಾಲುದಾರಿ ಒಡದು ನಡುಮಿದುಳಿಗೆ ಹೋಗ್ತದ. ಭಾಳ ಹಳೇ ದಾರಿ. ಕಪ್ಪಿಗೆ, ಮೀನಿಗೆ ಅದೇ ಮುಖ್ಯ ದಾರಿ. ಆ ಜಾಗಾಕ್ಕ ಕಾಣೂದಿಲ್ಲ, ಆದರ ಏನೋ ಅದ ಅನ್ನೋದು ಗೊತ್ತಾಗ್ತದ. ಗೊತ್ತಾದ ಕೂಡ್ಲೆ ಕಣ್ಣಿಗೆ ಆ ಕಡೆ ತಿರುಗು ಅಂತ ಹೇಳ್ತದ. ನಿಮ್ಮವ್ವನ ಕಣ್ಣು ಈಗೂ ತಿರುಗ್ತಾವ. ಅವರಿಗೇ ಗೊತ್ತಿಲ್ಲ."

ಆ ಅಪ್ಪಣೆಯನ್ನು ಕಣ್ಣಿಗೆ ಒಯ್ಯುವವು ಮೂರು ಜೊತೆ ನರಗಳು. ಮಿದುಳಿನ ನರಗಳ ಎಣಿಕೆಯಲ್ಲಿ ಮೂರನೆಯದು, ನಾಲ್ಕನೆಯದು, ಆರನೆಯದು. ಆರನೆಯದು ಕಣ್ಣನ್ನು ಹೊರಕ್ಕೆ ಸೆಳೆಯುತ್ತದೆ. ನಾಲ್ಕನೆಯದು ಸಣಕಲು, ಒಂದೇ ಸ್ನಾಯುವನ್ನು ನೋಡಿಕೊಳ್ಳುತ್ತದೆ. ಉಳಿದ ದುಡಿಮೆಯೆಲ್ಲ ಮೂರನೆಯದರದು: ಕಣ್ಣನ್ನು ಒಳಕ್ಕೆ, ಮೇಲಕ್ಕೆ, ಕೆಳಕ್ಕೆ ಹೊರಳಿಸುವುದು, ರೆಪ್ಪೆ ಎತ್ತುವುದು, ಬೆಳಕಿಗೆ ತಕ್ಕಂತೆ ಪಾಪೆಯನ್ನು ಕಿರಿದು ಮಾಡುವುದು. ಈ ನರಗಳ ಮೇಲೆ ಹರಿಯುವ ಅಪ್ಪಣೆಯನ್ನು ನಡುವೆಯೇ ಕದ್ದು ಕೇಳಿದರೆ? ಕೇಳಿದ್ದನ್ನು ಚರ್ಮಕ್ಕೆ ತಿಳಿಸಿದರೆ? ಇನಾಮದಾರರ ಕೇಂದ್ರ ಮಾಡಿದ್ದು ಅದನ್ನೇ. ಎರಡೂ ಕಣ್ಣುಗಳ ಗೂಡಿನ ಹಿಂದೆ ಮೂರನೆಯ ಮತ್ತು ಆರನೆಯ ನರಗಳಿಗೆ ಕೂದಲಿನಷ್ಟು ತೆಳುವಾದ ಉಂಗುರ ತೊಡಿಸಿ, ಹಣೆಗೆ ಒಂದು ಪಟ್ಟಿ ಕಟ್ಟಿದರು. ಕಣ್ಣು ಯಾವ ಕಡೆ ತಿರುಗಲು ಹೊರಟಿತೋ ಹಣೆಯ ಆ ಭಾಗವನ್ನು ಪಟ್ಟಿ ಮೆಲ್ಲಗೆ ಒತ್ತುತ್ತಿತ್ತು. ಇದಕ್ಕೆ 'ಸುಳಿವು' ಎಂದು ಹೆಸರಿಟ್ಟಿದ್ದರು. ಇನಾಮದಾರರ ಕೈಕೆಳಗಿನ ಎಂಜಿನಿಯರ್ ಫರ್ಹಾನಾ ನದಾಫ್ ಇನ್ನೊಂದು ಸೌಕರ್ಯ ಸೇರಿಸಿದ್ದಳು. ಎರಡೂ ಕಿವಿಗಳ ಹಿಂದೆ ಒಂದೊಂದು ಸಣ್ಣ ಬಿಲ್ಲೆ, ಆಯಾ ಕಡೆಯ ಕಣ್ಣಿಗೆ ಒಂದರಂತೆ. ಕತ್ತಲೆಯ ಜಾಗಕ್ಕೆ ಹೋದಾಗ ಪಾಪೆ ಹಿಗ್ಗುತ್ತದಲ್ಲ, ಆಗ ಬಿಲ್ಲೆ ತಣ್ಣಗಾಗುತ್ತಿತ್ತು.

ಮೊದಲ ವಾರವೆಲ್ಲ ಕಸ್ತೂರಿಗೆ ಹಬ್ಬದ ಸಂಭ್ರಮ. ಹಣೆ ಒತ್ತಿದ ಕಡೆ ಕೈಚಾಚಿದರೆ ಲೋಟ ಸಿಗುತ್ತಿತ್ತು. ಓಣಿಯಲ್ಲಿ ಎದುರು ಬಂದವರಿಗೆ ಡಿಕ್ಕಿ ಹೊಡೆಯದೆ ಸರಿದು ನಿಲ್ಲುತ್ತಿದ್ದಳು. ಗಿರಣಿಯವನು, "ಅತ್ತಿ, ಕಣ್ಣು ಬಂದಾವೇನ?" ಎಂದು ಬೆರಗಾದ. "ಕಣ್ಣು ಬಂದಿಲ್ಲೋ, ಹಣೀಗೆ ಬುದ್ಧಿ ಬಂದೈತಿ," ಎಂದಳು.

ಆಮೇಲೆ ಕಾಟ ಶುರುವಾಯಿತು. ಚಲಿಸುವುದೆಲ್ಲ ಅವಳನ್ನು ಮುಟ್ಟುತ್ತಿತ್ತು. ಫ್ಯಾನಿನ ರೆಕ್ಕೆ, ಕಿಟಕಿಯ ಪರದೆ, ಗೋಡೆಯ ಹಲ್ಲಿ, ಹಗ್ಗದ ಮೇಲೆ ಒಣಹಾಕಿದ ಸೀರೆ. ಕಾಣುವವರ ಮಿದುಳು ಬೇಡದ್ದನ್ನು ಬದಿಗೆ ಸರಿಸುತ್ತದೆ. ಕಪ್ಪೆಯ ದಾರಿಗೆ ಆ ಸೈರಣೆ ಇಲ್ಲ. ಯಾರೋ ಸದಾ ಹಣೆ ತಟ್ಟಿ ಕರೆಯುತ್ತಿದ್ದಾರೆ ಎನ್ನಿಸುತ್ತಿತ್ತು. ಕೂತಲ್ಲಿ ಕೂರಲಾರದೆ ಒಳಗೂ ಹೊರಗೂ ಓಡಾಡುತ್ತಿದ್ದಳು. ಪಟ್ಟಿ ಬಿಚ್ಚಿದರೆ ಕತ್ತಲು, ಕಟ್ಟಿದರೆ ಕಿರಿಕಿರಿ. ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಪಡಸಾಲೆಯ ಬಿಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ನೀಲಾ ಡ್ಯೂಟಿ ಮುಗಿಸಿ ಬಂದಳು. ಎದುರು ಬಂದು ಕೂತಳು. ಕಸ್ತೂರಿಯ ಕಿವಿಗಳ ಹಿಂದೆ ಬಿಲ್ಲೆಗಳು ತಣ್ಣಗಾದವು.

"ಮಾಡ ಮುಸುಕೈತೇನ?" ಎಂದು ಕೇಳಿದಳು.

"ಇಲ್ಲವ್ವಾ, ರಣರಣ ಬಿಸಲೈತಿ."

"ಮತ್ತ ಇದ್ಯಾಕ ಕತ್ಲಿ ಅಂತೈತಿ?"

"ಏನರ ಕೆಟ್ಟಿರಬೇಕ ಬಿಡು. ಫರ್ಹಾನಾಗ ಫೋನ್ ಹಚ್ಚತೇನಿ," ನೀಲಾ ನಗುತ್ತಲೇ ಹೇಳಿ ಎದ್ದು ಅಡುಗೆಮನೆಗೆ ಹೋದಳು. ಅವಳು ಹೋದದ್ದೇ ತಡ, ಬಿಲ್ಲೆಗಳ ತಂಪು ಇಳಿಯಿತು. ಚಹಾ ಹಿಡಿದು ಬಂದಳು, ಮತ್ತೆ ತಂಪು. ಮರುದಿನವೂ ಹೀಗೇ ಆಯಿತು. ಗಿರಣಿಯವನ ಎದುರು ಇಲ್ಲ, ಪಕ್ಕದ ಮನೆಯವರ ಎದುರು ಇಲ್ಲ, ಮಗಳ ಎದುರು ಮಾತ್ರ.

ಕಸ್ತೂರಿಗೆ ಸಮಾಧಾನವಿಲ್ಲದಾಯಿತು. ಮಗಳ ದನಿಯನ್ನು ಕಿವಿಗೊಟ್ಟು ಕೇಳಿದಳು. ದನಿ ನಗುತ್ತಿತ್ತು. ಆದರೆ ಪೂರಾ ನಗು ಅದಲ್ಲ, ವಾಕ್ಯದ ಕೊನೆಗೆ ಅಂಟಿಸಿದ ನಗು. ರಂಗದ ಮೇಲೆ ತಾನೇ ಎಷ್ಟು ಸಲ ಹಾಗೆ ನಕ್ಕಿದ್ದಳು! ಹಿಂದಿನ ಪ್ರೇಕ್ಷಕನಿಗೆ ದನಿಯಷ್ಟೇ ಮುಟ್ಟುತ್ತದೆ, ಮುಖ ಏನಾದರೂ ಆಗಿರಲಿ.

ಮಗಳನ್ನು ಹತ್ತಿರ ಕೂರಿಸಿಕೊಂಡು ಅವಳ ಎರಡೂ ಕೈ ಹಿಡಿದಳು. "ನೀಲಾ, ಖರೇ ಹೇಳು. ಏನಾಗೇತಿ?"

"ಏನಿಲ್ಲ ಅಂದ್ನಲ್ಲವ್ವಾ."

"ನನ್ನ ಮುಂದ ಪಾರ್ಟು ಮಾಡಬ್ಯಾಡ. ಹೊಟ್ಟ್ಯಾಗ ಏನು ಇಟ್ಕೊಂಡೀ?"

ನೀಲಾ ತಾಯಿಯ ಹೆಗಲಿಗೆ ಮುಖ ಒತ್ತಿ ಅತ್ತಳು. ಎದೆಯಲ್ಲಿ ಒಂದು ಗಂಟು ಕೈಗೆ ಹತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಲಾರಿ ಓಡಿಸುವ ಗಂಡ ನಾಗಪುರದ ದಾರಿಯಲ್ಲಿದ್ದ. ತನಗೇನಾದರೂ ಆದರೆ ಕಾಣದ ತಾಯಿಯನ್ನು ನೋಡುವವರಾರು ಎಂಬ ಒಂದೇ ಚಿಂತೆಯಲ್ಲಿ ಡಾಕ್ಟರ ಹತ್ತಿರವೂ ಹೋಗಿರಲಿಲ್ಲ.

ಮರುದಿನವೇ ಇಬ್ಬರೂ ಆಸ್ಪತ್ರೆಗೆ ಹೋದರು. ಸೂಜಿ ಹಾಕಿ ತೆಗೆದು ಪರೀಕ್ಷೆ ಮಾಡಿದರು. ಕೇಡಿನ ಗಂಟಲ್ಲ ಎಂದು ತಿಳಿದ ದಿನ ನೀಲಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಅವ್ವಾ, ಏನೂ ಇಲ್ಲಂತ!" ಎಂದು ಕೂಗಿದಳು. ಎದುರು ಬಂದು ನಿಂತಳು. ಬಲಗಿವಿಯ ಹಿಂದಿನ ಬಿಲ್ಲೆ ಬೆಚ್ಚಗೇ ಇತ್ತು.

ಎಡಗಿವಿಯ ಹಿಂದೆ ಮಾತ್ರ ಸ್ವಲ್ಪ ತಂಪು ಉಳಿದಿತ್ತು. ಸಂತೋಷದಲ್ಲಿ ಕಸ್ತೂರಿ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಸಂಗತಿ ಕೇಳಿದ ಫರ್ಹಾನಾಗೆ ನಂಬಿಕೆ ಬರಲಿಲ್ಲ. ಕಸ್ತೂರಿಯನ್ನು ಧಾರವಾಡಕ್ಕೆ ಕರೆಸಿ, ಬೆಳಕು ಒಂದೇ ಸಮನಾಗಿರುವ ಕೋಣೆಯಲ್ಲಿ ದೊಡ್ಡ ಪರದೆಯೆದುರು ಕೂರಿಸಿದಳು. ಪರದೆಯ ಮೇಲೆ ಒಂದಾದ ಮೇಲೊಂದು ಮುಖಗಳನ್ನು ಬಿಟ್ಟಳು. ನಗುವ ಮುಖ, ಸುಮ್ಮನಿರುವ ಮುಖ, ಹೆದರಿ ಕಣ್ಣರಳಿಸಿದ ಮುಖ.

"ಏನರ ಕಾಣತೈತೇನ್ರಿ ಅಮ್ಮಾರ?"

"ಏನೂ ಇಲ್ಲ ತಂಗಿ. ಈಗ ತಣ್ಣಗಾತು. ಈಗ ಹೋತು. ಈಗ ಮತ್ತ ತಣ್ಣಗಾತು."

ಹೆದರಿದ ಮುಖ ಬಂದಾಗಲೆಲ್ಲ ತಂಪು. ಬೇರೆ ಮುಖಕ್ಕೆ ಇಲ್ಲ. ಫರ್ಹಾನಾ ಕುರ್ಚಿ ಬಿಟ್ಟು ಎದ್ದಳು. ಆ ಕಾಲುದಾರಿ ಮಿದುಳಿನ ಅಂಜಿಕೆಯ ಗೂಡನ್ನೂ ಹಾದು ಹೋಗುತ್ತದೆಂದು ಅವಳು ಓದಿದ್ದಳು. ಎದುರಿನವರ ಹೆದರಿಕೆ ಕಾಣದವರ ಪಾಪೆಯನ್ನೂ ಹಿಗ್ಗಿಸುತ್ತದೆ. ಆದರೆ ಅದನ್ನು ಹಿಗ್ಗಿಸಿಕೊಂಡವರಿಗೇ ತಿಳಿಸುವ ಬಿಲ್ಲೆಯೊಂದನ್ನು ತಾನು ಗೊತ್ತಿಲ್ಲದೆ ಮಾಡಿಬಿಟ್ಟಿದ್ದಳು. ಓಡಿಹೋಗಿ ಇನಾಮದಾರರನ್ನು ಕರೆದುಕೊಂಡು ಬಂದಳು.

"ಕಸ್ತೂರಿಬಾಯಾರ, ಶಾಭಾಸ್! ಭಾಳ ದೊಡ್ಡ ಸಂಗತಿ ಇದು," ಎಂದು ಅವರು ಎದುರಿಗೆ ಬಂದು ನಿಂತರು. ತುಂಬಿದ, ಬೆಚ್ಚಗಿನ ದನಿ.

ಕಸ್ತೂರಿಯ ಕಿವಿಗಳ ಹಿಂದೆ ಮಂಜುಗಡ್ಡೆ ಇಟ್ಟಹಾಗಾಯಿತು. ಮಗಳೆದುರಿಗೂ ಇಷ್ಟು ತಣ್ಣಗಾಗಿರಲಿಲ್ಲ.

"ಸಾಹೇಬ್ರ," ಎಂದಳು, "ನೀವ್ಯಾಕ ಹೆದರೀರಿ?"

ಇನಾಮದಾರರು ನಕ್ಕರು. ವಾಕ್ಯದ ಕೊನೆಗೆ ಅಂಟಿಸಿದ ನಗು. "ನಾ ಯಾಕ ಹೆದರ್ಲಿ? ಮಶಿನ್ ಇನ್ನೂ ಹೊಸದು, ತಪ್ಪು ಮಾಡ್ತದ." ಫೋನ್ ಬಂತೆಂದು ಹೊರಗೆ ಹೋದರು.

ಮರುದಿನ ಅವರು ಫರ್ಹಾನಾಳನ್ನು ಕರೆದು ಬಿಲ್ಲೆಯ ಸೌಕರ್ಯವನ್ನು ಪಟ್ಟಿಗಳಿಂದ ತೆಗೆದುಹಾಕಲು ಹೇಳಿದರು. ಪೇಶಂಟುಗಳಿಗೆ ಸುಮ್ಮನೆ ಕಿರಿಕಿರಿ ಎಂದರು. ಮುಂದಿನ ತಿಂಗಳು ನೂರಾರು ಜನರಿಗೆ ಉಂಗುರ ತೊಡಿಸಲು ಒಪ್ಪಿಗೆ ಸಿಗುವುದಿತ್ತು. ಇಂಥ ಹೊತ್ತಿನಲ್ಲಿ ಹೊಸ ಗೊಂದಲ ಬೇಡವೆಂದರು. ನಿನ್ನೆ ದೊಡ್ಡ ಸಂಗತಿ ಎಂದದ್ದು ಇವತ್ತು ಗೊಂದಲ ಹೇಗಾಯಿತು? ಫರ್ಹಾನಾ ತನ್ನ ಮೇಜಿನೆದುರು ಬಹಳ ಹೊತ್ತು ಕೂತಳು. ಬಿಲ್ಲೆ ತೆಗೆಯಲು ಕೈ ಬರಲಿಲ್ಲ. ಕೊನೆಗೆ ಕಸ್ತೂರಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ತಂಗಿ, ಇದನ್ನ ಹಾಕ್ಕೊಂಡವರು ಮತ್ಯಾರದಾರ?" ಕಸ್ತೂರಿ ಕೇಳಿದಳು.

"ನಿಮ್ಮನ್ನ ಬಿಟ್ರ ಗದಗಿನ್ಯಾಗ ಒಬ್ರದಾರ್ರಿ. ಗುರುಪಾದಪ್ಪ ಅಂತ. ನಿಮಗಿಂತ ಮೊದ್ಲು ಹಾಕ್ಸಿಕೊಂಡವರು. ಈಗ ಅವರನ್ನ ಸರ್ ಒಬ್ರ ನೋಡ್ಕೋತಾರ. ನಮ್ಮನ್ನ ಕಳಸೂದಿಲ್ಲ."

"ನಡಿ, ಹೋಗೂಣು."

"ಸರ್‌ಗೆ ಹೇಳ್ದ?"

"ಹೇಳಿದ್ರ ಕಳಸ್ತಾರೇನ?"

ಇಬ್ಬರೂ ಗದಗಿಗೆ ಬಸ್ಸು ಹತ್ತಿದರು. ಕಿಟಕಿಯಾಚೆ ಮರಗಳು, ಕಂಬಗಳು, ಎದುರಿನ ಗಾಡಿಗಳು ಕಸ್ತೂರಿಯ ಹಣೆಯನ್ನು ಉದ್ದಕ್ಕೂ ಬಡಿದವು. ಅವಳು ಪಟ್ಟಿ ಬಿಚ್ಚಲಿಲ್ಲ. ಫರ್ಹಾನಾ ದಾರಿಯಲ್ಲಿ ಮೂರು ಸಲ ಹಿಂದಿರುಗೋಣವೆಂದಳು, ಮೂರು ಸಲವೂ ತಾನೇ ಬೇಡವೆಂದಳು.

ಗುರುಪಾದಪ್ಪ ಅಡತಿ ಅಂಗಡಿ ನಡೆಸಿ ಬಿಟ್ಟವರು. ಸಕ್ಕರೆ ಕಾಯಿಲೆ ಹಳೆಯದು, ಆದರೆ ದೃಷ್ಟಿ ಹೋದದ್ದು ಕಸ್ತೂರಿಯ ಹಾಗೆಯೇ ಹಿಂದಲೆಯ ರಕ್ತನಾಳ ಕಟ್ಟಿ. ಬಾಗಿಲು ತೆರೆದ ಅವರ ಹೆಂಡತಿ ಶಿವಗಂಗಮ್ಮ ಫರ್ಹಾನಾಳನ್ನು ಕಂಡು ಸ್ವಲ್ಪ ತಡೆದು ಒಳಗೆ ಬಿಟ್ಟರು. ಕುರ್ಚಿಯಲ್ಲಿ ಕೂತಿದ್ದ ಗುರುಪಾದಪ್ಪನವರ ಎಡಗಣ್ಣಿನ ರೆಪ್ಪೆ ಪೂರ್ತಿ ಇಳಿದು ಮುಚ್ಚಿಹೋಗಿತ್ತು.

"ಎಂದಿನಿಂದ ಹಿಂಗಾಗೇತ್ರಿ?" ಫರ್ಹಾನಾ ಕೇಳಿದಳು.

"ಸಾಹೇಬ್ರು ನೋಡ್ಯಾರ. ಸಕ್ರಿ ಬ್ಯಾನಿಯಿಂದ ನರ ಸೋತೈತಿ ಅಂದ್ರು. ಉಳದವರಿಗೆ ಹೇಳಬ್ಯಾಡ್ರಿ, ಸುಮ್ನ ಅಂಜತಾರ ಅಂದ್ರು," ಶಿವಗಂಗಮ್ಮ ಹೇಳಿದರು. "ನೀವು ಅವರ ಕಡೆಯವರ ಅಲ್ಲೇನ? ನಿಮಗ ಗೊತ್ತಿಲ್ಲೇನು?"

ಫರ್ಹಾನಾ ಅಪ್ಪಣೆ ಕೇಳಿ ಆ ರೆಪ್ಪೆಯನ್ನು ಬೆರಳಿನಿಂದ ಮೇಲೆತ್ತಿದಳು. ಗುಡ್ಡೆ ಹೊರಕ್ಕೂ ಕೆಳಕ್ಕೂ ಸರಿದು ನಿಂತಿತ್ತು. ಮೂರನೆಯ ನರ ಕೈಬಿಟ್ಟಿದೆ, ಎಳೆಯಲು ಉಳಿದವರು ನಾಲ್ಕನೆಯವರು, ಆರನೆಯವರು ಮಾತ್ರ. ಮೊಬೈಲಿನ ಟಾರ್ಚು ಹಚ್ಚಿ ಕಣ್ಣಿಗೆ ಹಿಡಿದಳು. ಪಾಪೆ ಅಗಲವಾಗಿ ತೆರೆದೇ ಇತ್ತು. ಬೆಳಕಿಗೆ ಒಂದಿಷ್ಟೂ ಕುಗ್ಗಲಿಲ್ಲ. ಇನ್ನೊಮ್ಮೆ ಹಿಡಿದಳು. ಕುಗ್ಗಲಿಲ್ಲ.

ಅವಳು ಟಾರ್ಚು ಆರಿಸಿ ಗೋಡೆಗೆ ಒರಗಿದಳು.

"ಏನಾತ ತಂಗಿ?" ಕಸ್ತೂರಿ ಕೇಳಿದಳು. ಕಿವಿಗಳ ಹಿಂದಿನ ತಂಪು ಅವಳಿಗೆ ಆಗಲೇ ಅರ್ಧ ಹೇಳಿತ್ತು.

"ಸಕ್ರಿ ಬ್ಯಾನಿ ನರದ ನಡುವಿನ ಎಳೀನ ಕೆಡಸತೈತ್ರಿ. ಪಾಪೀ ನೋಡ್ಕೊಳ್ಳೋ ಎಳಿ ನರದ ಹೊರಗಡೆ ಇರತಾವ, ಅವು ಸಾಮಾನ್ಯ ಉಳಕೋತಾವ. ಹೊರಗಿಂದ ಏನರ ಒತ್ತಿದ್ರ ಹೊರಗಿನ ಎಳೀನ ಮೊದ್ಲು ಹೋಗತಾವ. ಇವರದು ಪಾಪೀನೂ ಹೋಗೇತಿ. ನಮ್ಮ ಉಂಗುರಾನ ಒತ್ತಾಕ್ಹತ್ತೇತ್ರಿ. ನರಾ ಹಿಚುಕಾಕ್ಹತ್ತೇತಿ."

ಗುರುಪಾದಪ್ಪ ತಲೆ ಎತ್ತಿ, "ಅದನ್ನ ತಗದ್ರ ಸರಿ ಹೋಗತೈತೇನವಾ?" ಎಂದು ಕೇಳಿದರು.

"ಲಗೂನ ತಗದಿದ್ರ ಹೋಗ್ತಿತ್ತೋ ಏನೋ ಅಜ್ಜಾರ. ಈಗ ಗೊತ್ತಿಲ್ಲ." ಸುಳ್ಳು ಹೇಳಲು ಅವಳಿಗೆ ಆಗಲಿಲ್ಲ.

ಕಸ್ತೂರಿಗೆ ಆಗ ಎಡಗಿವಿಯ ಹಿಂದಿನ ತಂಪು ನೆನಪಾಯಿತು. ಯಾರೂ ಎದುರಿಗಿಲ್ಲದಾಗಲೂ, ಬಿಸಿಲಲ್ಲಿ ಒಬ್ಬಳೇ ಕೂತಾಗಲೂ ಹೋಗದೆ ಉಳಿದ ತಂಪು. "ತಂಗಿ, ನನ್ನ ಕಣ್ಣಿಗೂ ಬೆಳಕ ಹಿಡಿ," ಎಂದಳು.

ಬಲಗಣ್ಣಿನ ಪಾಪೆ ಬೆಳಕಿಗೆ ಚುರುಕಾಗಿ ಕುಗ್ಗಿತು. ಎಡಗಣ್ಣಿನದು ತಡವಾಗಿ, ಒಲ್ಲದ ಮನಸ್ಸಿನಿಂದ ಎಂಬಂತೆ, ಅರ್ಧಕ್ಕೆ ನಿಂತಿತು.

ಧಾರವಾಡಕ್ಕೆ ಮರಳುವಷ್ಟರಲ್ಲಿ ಇನಾಮದಾರರಿಗೆ ಸುದ್ದಿ ಮುಟ್ಟಿತ್ತು. ಶಿವಗಂಗಮ್ಮ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಿದ್ದರು. ಇಬ್ಬರೂ ಅವರ ಕೋಣೆಗೆ ಹೋದಾಗ ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

"ಕೂಡ್ರಿ," ಎಂದರು. ಕಸ್ತೂರಿ ಕೂರಲಿಲ್ಲ.

"ಹೊಸಾ ಉಂಗುರ ತಯಾರ ಆಗ್ಲಿಕತ್ತದ. ಮೆತ್ತಗಿನದು, ನರದ ಜೋಡಿ ಹಿಗ್ಗತದ," ಇನಾಮದಾರರು ಹೇಳಿದರು. "ಸ್ವಲ್ಪ ವ್ಯಾಳ್ಯಾ ಸಿಕ್ಕಿದ್ರ ಸಾಕಿತ್ತು. ಒಂದು ಕೆಟ್ಟ ಸುದ್ದಿ ಹೊರಗ ಬಂತಂದ್ರ ಇಡೀ ಕೆಲಸಾ ಮುಚ್ಚಿಬಿಡ್ತಾರ. ನಿಮ್ಮಂಥಾವರು ಸಾವಿರಾರು ಮಂದಿ ಇದ್ದಾರ. ಅವರೆಲ್ಲಾ ಮತ್ತ ಗ್ವಾಡೀ ಹಿಡದು ನಡೀಬೇಕು. ಅದಕ್ಕ ಸುಮ್ನಿದ್ದೆ. ನನ್ನ ಸಲುವಾಗಿ ಅಲ್ಲ."

"ಅಲ್ಲೀತನಾ ಆ ಅಜ್ಜನ ಕಣ್ಣು? ನನ್ನ ಕಣ್ಣು?"

ಅವರು ಕಿಟಕಿಯ ಕದ ಎಳೆದು ಮುಚ್ಚಿದರು.

"ಸರ್, ನಾನು ನೈತಿಕ ಸಮಿತಿಯವರಿಗೆ ಹೇಳ್ತೇನ್ರಿ," ಎಂದಳು ಫರ್ಹಾನಾ.

ಇನಾಮದಾರರು ತಿರುಗಿದರು. "ಹೇಳು. ಆದರ ಆ ಉಂಗುರದ ಅಳತಿ ಯಾರು ಗೊತ್ತು ಮಾಡಿದ್ದು, ಅದನ್ನೂ ಹೇಳು."

ಅಳತೆ ಫರ್ಹಾನಾಳದೇ. ನರಕ್ಕೆ ತೀರ ಹತ್ತಿರವಿದ್ದರೆ ಅಪ್ಪಣೆ ಸ್ಪಷ್ಟವಾಗಿ ಕೇಳುತ್ತದೆಂದು ಅವಳೇ ಉಂಗುರವನ್ನು ಬಿಗಿ ಮಾಡಿಸಿದ್ದಳು. ನರ ಊದಿಕೊಂಡರೆ ಏನು ಗತಿ ಎಂದು ಅವಳೂ ಕೇಳಿರಲಿಲ್ಲ, ಬೇರೆ ಯಾರೂ ಕೇಳಿರಲಿಲ್ಲ.

ಕಸ್ತೂರಿ ಮುಖವನ್ನು ಡಾಕ್ಟರ ಕಡೆ ತಿರುಗಿಸಿದಳು, ಬಲಗಿವಿಯ ಹಿಂದೆ ತಂಪು. ಹುಡುಗಿಯ ಕಡೆ ತಿರುಗಿಸಿದಳು, ಅಷ್ಟೇ ತಂಪು.

"ಇಬ್ರೂ ಹೆದರೀರಿ," ಎಂದಳು. "ನಾನೂ ಹೆದರೇನಿ. ಸಾಹೇಬ್ರ, ಹೆದರಿದ ಮುಖಾ ಹೊತ್ಕೊಂಡು ಧೈರ್ಯದ ಮಾತಾಡೂದು ನಮ್ಮ ಕಸಬು. ಪರದೇ ಬಿದ್ದ ಮ್ಯಾಲ ನಾವು ಬಣ್ಣಾ ತೊಳಕೋತೀವಿ. ನೀವು ಯಾವಾಗ ತೊಳಕೋತೀರಿ?"

ಫರ್ಹಾನಾ ಮೊಬೈಲು ತೆಗೆದಳು. ನಂಬರು ಎರಡು ಸಲ ತಪ್ಪಿತು. ಸಮಿತಿಯ ಅಧ್ಯಕ್ಷೆ ಆ ಕಡೆಯಿಂದ ಹಲೋ ಎಂದಾಗ ಅವಳು ತನ್ನ ಹೆಸರು ಹೇಳಿ, ಮೊದಲು ಅಳತೆಯ ವಿಷಯವನ್ನೇ ಹೇಳಿದಳು, ಆಮೇಲೆ ಗದಗಿನ ವಿಷಯ. ಇನಾಮದಾರರು ಅವಳನ್ನು ತಡೆಯಲಿಲ್ಲ. ಅರ್ಧಕ್ಕೆ ಕುರ್ಚಿ ಎಳೆದುಕೊಂಡು ಕೂತು ಕನ್ನಡಕ ತೆಗೆದರು. ಮಾತು ಮುಗಿಯುವ ಹೊತ್ತಿಗೆ ತಾವೇ ಕೈಚಾಚಿ ಫೋನ್ ಇಸಿದುಕೊಂಡು, "ಹೌದು ಮೇಡಂ, ಆಕಿ ಹೇಳಿದ್ದು ಖರೇ ಅದ. ನಂಗ ಮೊದಲೇ ಗೊತ್ತಿತ್ತು," ಎಂದರು.

ಆ ವಾರವೇ ಪ್ರಯೋಗ ನಿಂತಿತು. ಇನಾಮದಾರರು ಮುಖ್ಯಸ್ಥನ ಕುರ್ಚಿ ಬಿಟ್ಟುಕೊಟ್ಟರು. ಫರ್ಹಾನಾಳ ಮೇಲೂ ವಿಚಾರಣೆ ಆರಂಭವಾಯಿತು. ಗುರುಪಾದಪ್ಪನವರ ಉಂಗುರ ತೆಗೆದರು, ರೆಪ್ಪೆ ಮಾತ್ರ ಏಳಲಿಲ್ಲ.

ಕಸ್ತೂರಿಯ ಸರದಿ ಬಂದಾಗ ಅವಳು ಹಟ ಹಿಡಿದಳು. ಎಡಗಡೆಯದು ತೆಗೆಯಿರಿ, ಬಲಗಡೆಯದು ಇರಲಿ ಎಂದಳು. ಬಲಗಡೆಯ ನರಕ್ಕೆ ಇನ್ನೂ ಏನೂ ಆಗಿರಲಿಲ್ಲವಲ್ಲ.

"ಇಂದಿಲ್ಲ ನಾಳೆ ಅದೂ ಹಂಗ ಆಗತೈತವ್ವಾ," ನೀಲಾ ಬೇಡಿಕೊಂಡಳು.

"ಆಗೋತನಾ ಇರ್ಲಿ. ನಿನಗೇನು ಗೊತ್ತು? ನೀ ಬಾಗಲಾ ತಗದು ಒಳಗ ಬಂದ್ರ ನನ್ನ ಹಣಿಗೆ ತಿಳೀತೈತಿ. ಎರಡು ವರ್ಷ ಕೂಗೀ ಕೂಗೀ ಕೇಳೇನಿ, ಯಾರದೀರಿ, ಯಾರ ಬಂದ್ರಿ ಅಂತ. ಮತ್ತ ಆ ಬಾವ್ಯಾಗ ಇಳೀಲೇನು?" ಕಸ್ತೂರಿ ಪಡಸಾಲೆಯ ಉದ್ದಕ್ಕೂ ಓಡಾಡುತ್ತಿದ್ದಳು. ಗೋಡೆ ಮುಟ್ಟಿ ತಿರುಗುತ್ತಿದ್ದಳು, ಮತ್ತೆ ಗೋಡೆ. ನೀಲಾ ಎದುರಿಗೆ ಅಡ್ಡ ನಿಂತರೂ ಸರಿದುಕೊಂಡು ಹೋಗುತ್ತಿದ್ದಳು. ಹಾಗೆ ಸರಿಯಬಲ್ಲಳೆಂಬುದೇ ಅವಳ ವಾದವಾಗಿತ್ತು.

ಕೊನೆಗೆ ಫರ್ಹಾನಾ ಬಂದಳು. ಕೇಂದ್ರಕ್ಕೆ ಹೋಗುವುದನ್ನು ಅವಳು ನಿಲ್ಲಿಸಿದ್ದಳು. ಬಾಗಿಲಲ್ಲೇ ನಿಂತು ಹೇಳಿದಳು: "ಅಮ್ಮಾರ, ನರ ಉಳದ್ರ ಮುಂದ ಏನಾದ್ರೂ ಮಾಡಬಹುದು. ಮುಟ್ಟದ, ಒತ್ತದ ಕೇಳೋ ದಾರಿ ಹುಡಕಬಹುದು. ನಾನಿಲ್ಲಂದ್ರ ಮತ್ತ್ಯಾರಾದ್ರೂ ಹುಡಕತಾರ. ನರಾನ ಸತ್ರ ಹೊರಳಿಸಾಕ ಏನೂ ಉಳಿಯೂದಿಲ್ಲ. ನಾ ಒಂದ್ಸಲ ತಪ್ಪು ಅಳತಿ ಕೊಟ್ಟೇನಿ. ಈ ಮಾತು ತಪ್ಪಲ್ರಿ."

ಕಸ್ತೂರಿ ಓಡಾಟ ನಿಲ್ಲಿಸಿದಳು. "ಒಳಗ ಬಾ, ಚಹಾ ಕುಡದು ಹೋಗು," ಎಂದಳು. ಫರ್ಹಾನಾ ಹೋದ ಮೇಲೆ ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ತನ್ನ ಸೀರೆ ತುಂಬತೊಡಗಿದಳು.

ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಬೆಂಚುಗಳ ಸಾಲು. ಕಸ್ತೂರಿ ಪಟ್ಟಿ ಕಟ್ಟಿಕೊಂಡೇ ಕೂತಿದ್ದಳು. ಒಳಗೆ ಕರೆದಾಗ ಬಿಚ್ಚಿದರಾಯಿತೆಂದು ನರ್ಸು ಬಿಟ್ಟಿದ್ದಳು. ಜನ ಹಾಯುತ್ತಿದ್ದರು, ತಳ್ಳುಗಾಡಿ ಹಾಯುತ್ತಿದ್ದವು, ಹಣೆಯ ಮೇಲೆ ಮಳೆಹನಿ ಬಿದ್ದಂತೆ. ಅಂಥಲ್ಲಿ ಬಲಗಿವಿಯ ಹಿಂದೆ ತಂಪು ಹತ್ತಿತು. ಮುಖ ಆ ಕಡೆ ಈ ಕಡೆ ಹೊರಳಿಸಿದಳು. ನೇರ ಎದುರಿಗೆ ಹೊರಳಿದಾಗ ಹೆಚ್ಚು.

"ನನ್ನ ಎದುರಿಗೆ ಯಾರ ಕುಂತಾರ?" ಮಗಳನ್ನು ಕೇಳಿದಳು.

"ಯಾರೋ ಹುಡುಗಿ ಅವ್ವಾ. ಮದಿವ್ಯಾಗಿ ಭಾಳ ದಿನಾ ಆಗಿಲ್ಲ ಅಂತ ಕಾಣತೈತಿ. ಗಂಡನ್ನ ಒಳಗ ಒಯ್ದಾರಂತ. ಮೊಬೈಲ್ ನೋಡ್ಕೊಂತ ಸುಮ್ನ ಕುಂತಾಳ."

"ಸುಮ್ನ ಕುಂತಿಲ್ಲ," ಎಂದು ಕಸ್ತೂರಿ ಎದ್ದಳು. ನೀಲಾ ಕೈ ಹಿಡಿಯಬಂದರೆ ಬೇಡವೆಂದಳು. ಹಣೆಯ ಒತ್ತು ನಡುವಿನಲ್ಲೇ ಇರುವಂತೆ ನಡೆದು, ಬೆಂಚು ತಡವಿ, ಆ ಹುಡುಗಿಯ ಪಕ್ಕದಲ್ಲಿ ಕೂತಳು. ಯಾವ ಊರೆಂದು ಕೇಳಿದಳು. ಕುಂದಗೋಳ ಎಂದಳು ಹುಡುಗಿ. ಕುಂದಗೋಳದಲ್ಲಿ ತಮ್ಮ ಕಂಪನಿಯ ತಗಡು ಗಾಳಿಗೆ ಹಾರಿ ಅತ್ತೆಯ ಪಾರ್ಟಿನವಳು ಸೊಸೆಯ ಸೆರಗಿನಡಿ ಅಡಗಿದ ಕಥೆಯನ್ನು ಕಸ್ತೂರಿ ಹೇಳಿದಳು. ಹುಡುಗಿ ಮೊದಲು ಬರೀ ಹೂಂಗುಟ್ಟಿದಳು, ಆಮೇಲೆ ಅತ್ತಳು, ಆಮೇಲೆ ಅಳುತ್ತಲೇ ನಕ್ಕಳು. ನರ್ಸು ಬಂದು ಕಸ್ತೂರಿಯ ಹೆಸರು ಕರೆದಾಗ ಅವಳು ಸೆರಗಿನಿಂದ ಹುಡುಗಿಯ ಮುಖ ಒರೆಸಿ, ಹಣೆಯ ಪಟ್ಟಿಯನ್ನು ತನ್ನ ಕೈಯಿಂದಲೇ ಬಿಚ್ಚಿ ನೀಲಾಳಿಗೆ ಕೊಟ್ಟಳು.

ಎರಡೂ ಕಡೆಯ ಉಂಗುರ ತೆಗೆದ ಮೇಲೆ ಎಚ್ಚರವಾದಾಗ ಹಣೆ ಖಾಲಿಯಾಗಿತ್ತು. ಕಿವಿಯ ಹಿಂದೆ ತಂಪೂ ಇಲ್ಲ, ಬಿಸಿಯೂ ಇಲ್ಲ. ಯಾರೂ ಕರೆಯುತ್ತಿರಲಿಲ್ಲ. ಎಷ್ಟೋ ದಿನಗಳ ಮೇಲೆ ಮೈ ಸುಮ್ಮನಿತ್ತು. ಆ ಸುಮ್ಮನಿರುವಿಕೆಯಲ್ಲಿ ಅವಳು ಕೈಯಿಂದ ಹಾಸಿಗೆಯ ಅಂಚು ಹುಡುಕಿದಳು.

"ಎಲ್ಲಾ ಚಲೋ ಆಗೇತ್ರಿ ಅಮ್ಮಾರ, ಏನೂ ಚಿಂತಿ ಇಲ್ಲ," ನರ್ಸಿನ ದನಿ ಹೇಳಿ ದೂರವಾಯಿತು. ಅದು ನಿಜವೋ ಉಪಚಾರವೋ ತಿಳಿಯಲು ಅವಳ ಬಳಿ ಈಗ ಏನೂ ಇರಲಿಲ್ಲ.

"ನೀಲಾ, ಅದೀ ಏನ?"

"ಇಲ್ಲೇ ಅದೇನಿ ಅವ್ವಾ." ಮಂಚದ ಬದಿಯಲ್ಲೇ ದನಿ.

"ನಿನ್ನ ಮಾರಿ ಹೆಂಗೈತಿ ಹೇಳು."

ನೀಲಾ ನಗುವ ದನಿಯೊಂದನ್ನು ಹುಡುಕುತ್ತಿದ್ದಾಳೆ ಎಂದು ಕಸ್ತೂರಿಗೆ ಅನ್ನಿಸಿತು. ಅದು ಸಿಗಲಿಲ್ಲವೋ, ಬೇಡವೆಂದು ಬಿಟ್ಟಳೋ.

"ನಿನ್ನ ಬಲಗಣ್ಣು ಚಲೋ ಐತಿ. ಎಡಗಣ್ಣಿನ ರೆಪ್ಪಿ ಅರ್ಧಕ್ಕ ನಿಂತೈತವ್ವಾ. ಡಾಕ್ಟರು ಹೊಳ್ಳಿ ಏರತೈತಿ ಅಂತಾರ, ತಡಾ ಆಗತೈತಿ ಅಂತಾರ. ನನಗ ಗೊತ್ತಿಲ್ಲ. ನನಗ ಭಾಳ ಹೆದರಿಕಿ ಆಗೇತಿ."

ಕಸ್ತೂರಿ ಮಂಚದ ಮೇಲೆ ಗೋಡೆಯ ಕಡೆಗೆ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.

"ಬಾ, ಇಲ್ಲಿ ಕೂಡು," ಎಂದಳು. "ಏನೇನು ಹೆದರಿಕಿ ಆಗೇತಿ, ಎಲ್ಲಾ ಹೇಳು."